ಕಾಗೆಕೊಕ್ಕಿನ ಲೆಕ್ಕ

ಹೋದ ವಾರ ಮೈಸೂರಿನಿಂದ ಹಳೆಯ ಗೆಳೆಯರೊಬ್ಬರ ಫೋನು ಬಂತು. "ಸಾಹುಕಾರ್ರೇ, ನಾನು ರಿಟೈರ್ ಆದೆ" ಎಂದರು. ಇಷ್ಟು ವರ್ಷ ಅವರನ್ನು ಇಟ್ಟುಕೊಂಡಿದ್ದ ಕಂಪನಿಯ ತಾಳ್ಮೆಗೆ ಮನಸ್ಸಿನಲ್ಲೇ ಕೈ ಮುಗಿದು, "ಇನ್ನ ಮುಂದ ಏನ್ ಮಾಡ್ತೀರಿ ಸರ್?" ಎಂದು ಕೇಳಿದೆ.

"ಊಟಕ್ಕಿಂತ ಹಸಿವು ಜಾಸ್ತಿ ಇರಬೇಕು, ಯೋಚನೆಗಿಂತ ನಿದ್ದೆ ಜಾಸ್ತಿ ಇರಬೇಕು. ಅಷ್ಟಾದರೆ ಸಾಕು."

ಆ ಕಡೆ ಅವರ ಹೆಬ್ಬೆರಳು, ತೋರುಬೆರಳು ಎರಡೂ ಕಾಗೆಯ ಕೊಕ್ಕಿನ ಹಾಗೆ ತೆರೆದುಕೊಂಡದ್ದು ನನಗೆ ಫೋನಿನಲ್ಲೇ ಕಂಡಿತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೇಜಾರು ಮಾಡಿಕೊಳ್ಳುವವರಲ್ಲ, ಆದರೆ ತಿದ್ದುಪಡಿ ಕಳಿಸುತ್ತಾರೆ. ಆ ಕೊಕ್ಕಿನ ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತೋರಿಸಲು ಎರಡು ಸಂಖ್ಯೆಗಳ ನಡುವೆ ಒಂದು ಗುರುತು ಹಾಕಿಸುತ್ತಿದ್ದರಲ್ಲ, ಬಾಯಿ ದೊಡ್ಡದರ ಕಡೆಗೆ, ಚೂಪು ಚಿಕ್ಕದರ ಕಡೆಗೆ? ನಾವೆಲ್ಲ ಪರೀಕ್ಷೆ ಮುಗಿದ ಮರುದಿನ ಅದನ್ನು ಮರೆತು ಸುಖವಾಗಿ ಬದುಕಿದೆವು. ಇವರು ಮರೆಯಲಿಲ್ಲ. ಲೋಕದ ಎಲ್ಲ ಜಗಳಕ್ಕೂ ಮನುಷ್ಯರು ಅದನ್ನು ಮರೆತದ್ದೇ ಕಾರಣ ಎಂದು ಬೇರೆ ನಂಬಿದ್ದರು.

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ನಾನು ಹುಮನಾಬಾದ್ ಕಡೆಯವನು. ಗಡಿ ದಾಟಿ ನಿಜಾಮರ ಊರಿಗೆ ಬಂದು, ಇಲ್ಲಿನ ಸುಲ್ತಾನ್ ಬಜಾರಿನಲ್ಲಿ ಬಟ್ಟೆಯ ಗಂಟು ಹೊತ್ತು, ಆಮೇಲೆ ಬಟ್ಟೆ ಮಡಚಿ, ಆಮೇಲೆ ಬಟ್ಟೆ ಮಾರಿ, ಕಡೆಗೆ ಸ್ವಂತ ಅಂಗಡಿ ಮಾಡಿದೆ. ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದಾಗ ಎಲ್ಲರೂ ಅಲ್ಲಿ ಜಾಗ ಕೊಂಡರು, ನಾನು ಪರದೆ ಅಂಗಡಿ ಇಟ್ಟೆ. ಐಟಿ ಮಂದಿ ಹೊಸ ಫ್ಲ್ಯಾಟಿಗೆ ಬಂದು ಮೊದಲ ದಿನ ಖುಷಿಯಿಂದ ಕಿಟಕಿ ತೆರೆಯುತ್ತಾರೆ. ಎದುರಿಗೆ ಇನ್ನೊಬ್ಬರ ಬಚ್ಚಲು ಕಾಣುತ್ತದೆ. ಎರಡನೆಯ ದಿನ ನನ್ನ ಅಂಗಡಿಗೆ ಬರುತ್ತಾರೆ. ವ್ಯಾಪಾರ ಮಾಡುವ ಆಸೆ ಇದ್ದವರಿಗೆ ನನ್ನ ಸಲಹೆ ಇಷ್ಟೇ: ಜನ ಎಲ್ಲಿಗೆ ಓಡುತ್ತಿದ್ದಾರೆ ಎಂದು ನೋಡಬೇಡಿ, ಓಡಿ ತಲುಪಿದ ಮೇಲೆ ಅವರಿಗೆ ಎಲ್ಲಿ ನಾಚಿಕೆಯಾಗುತ್ತದೆ ಎಂದು ನೋಡಿ.

ಇವರೂ ಹಾಗೆಯೇ ಬಂದರು. ಮೈಸೂರಿನವರು, ಒಂಟಿ ಮನುಷ್ಯ, ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಇಂಥವರಿಗೆ ಅದಕ್ಕಿಂತ ಒಪ್ಪುವ ಕೆಲಸವನ್ನು ದೇವರೂ ಹುಡುಕಿ ಕೊಡುತ್ತಿರಲಿಲ್ಲ. ನಾನಿರುವ ಅಪಾರ್ಟ್‌ಮೆಂಟಿನಲ್ಲೇ ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದರು.

"ಕಿಟಕಿ ಅಳತಿ ತಂದೀರೇನ್ರಿ?" ಎಂದೆ.

"ಇಲ್ಲ." ಅಂಗಡಿಯ ನಡುವೆ ನಿಂತು ಶಿಲುಬೆಗೇರಿದವರ ಹಾಗೆ ಎರಡೂ ಕೈ ಚಾಚಿದರು. "ಕಿಟಕಿ ಇದಕ್ಕಿಂತ ಕಡಿಮೆ ಇದೆ. ಪರದೆ ಇದಕ್ಕಿಂತ ಜಾಸ್ತಿ ಇರಲಿ. ಆಗ ಪರದೆ ಕಿಟಕಿಗಿಂತ ಜಾಸ್ತಿ ಆಗಲೇಬೇಕಲ್ಲ?"

ಆಗಲೇಬೇಕು, ಯಾರು ಇಲ್ಲ ಅಂದರು? ಅಂಗಡಿಯಲ್ಲಿದ್ದ ಹೆಂಗಸರು ಮಾತ್ರ ಇವರ ಕೈಯ ಸುತ್ತು ಬಳಸಿ ಓಡಾಡಬೇಕಾಯಿತು. ಇವರು ಹೋದ ಮೇಲೆ ಯೋಚಿಸಿದೆ. ಟೇಪು ಹಿಡಿದು ಅಳೆದು ಬಂದು, ಆಮೇಲೆ ಗಿಡ್ಡ ಆಯಿತು ಎಂದು ಜಗಳಕ್ಕೆ ಬರುವ ಗಿರಾಕಿಗಳು ನನಗೆ ಬೇಕಾದಷ್ಟು ಜನ. ಈ ಮನುಷ್ಯ ಮಾತ್ರ ತಿರುಗಿ ಬರಲಿಲ್ಲ.

"ಜನ 'ಸಮ' ಅಂತ ಹುಡುಕ್ತಾರೆ ಸಾಹುಕಾರ್ರೇ" ಎಂದು ಒಮ್ಮೆ ಮೆಟ್ಟಿಲ ಮೇಲೆ ಕೂತು ಉಪದೇಶ ಮಾಡಿದರು. "ಸಮ ಅಂದರೆ ಒಂದೇ ಉತ್ತರ. ಅದು ಸಿಗದಿದ್ದರೆ ಅಳು. 'ಇದಕ್ಕಿಂತ ಕಡಿಮೆ ಇಲ್ಲದಿದ್ದರೆ ಸಾಕು' ಅನ್ನಿ, ಎಷ್ಟು ಬೇಕಾದರೂ ಉತ್ತರ ಸಿಗತ್ತೆ."

"ಅದಕ್ಕ ನಿಮಗ ಪ್ರಮೋಷನ್ ಸಿಗವಲ್ದು" ಎಂದೆ. ಸುಳ್ಳಲ್ಲ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಮ್ಯಾನೇಜರ್ ಕೇಳಿದರೆ ಇವರು "ಶುಕ್ರವಾರಕ್ಕಿಂತ ಮೊದಲು ಆಗಲ್ಲ, ಮಂಗಳವಾರ ದಾಟಲ್ಲ" ಎನ್ನುತ್ತಿದ್ದರು. ಹಾಗೆಯೇ ಮುಗಿಸುತ್ತಿದ್ದರು ಕೂಡ. "ಗುರುವಾರ ಮೂರು ಗಂಟೆಗೆ" ಎಂದು ಗಟ್ಟಿಯಾಗಿ ಹೇಳಿ ಮುಂದಿನ ತಿಂಗಳು ಮುಗಿಸಿದವರೆಲ್ಲ ಇವರ ಮೇಲಧಿಕಾರಿಗಳಾದರು.

ಲಿಫ್ಟಿನ ಕಥೆಯನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ಒಳಗೆ ಇಷ್ಟು ಜನ ಎಂದು ಬೋರ್ಡು ಇತ್ತು. ಇವರಿಗೆ ಅದು ಒಪ್ಪಿಗೆ ಇಲ್ಲ. ಹಗ್ಗಕ್ಕೆ ತಲೆ ಲೆಕ್ಕ ಗೊತ್ತಿಲ್ಲ, ತೂಕ ಗೊತ್ತು ಎಂಬುದು ವಾದ. ಒಂದು ದಿನ ಲಿಫ್ಟು ತುಂಬಿದ್ದಾಗ ಮೂರನೆಯ ಮಹಡಿಯ ದೊಡ್ಡಮ್ಮ ಒಳಗೆ ಕಾಲಿಟ್ಟರು. ಇವರು ಬಹಳ ವಿನಯದಿಂದ, ಹಿಂದಿಯಲ್ಲಿ, "ಅಮ್ಮಾ, ನಿಮ್ಮ ತೂಕ ಎಷ್ಟಕ್ಕಿಂತ ಹೆಚ್ಚಿಲ್ಲ?" ಎಂದು ಕೇಳಿದರು. ತೂಕ ಎಷ್ಟು ಎಂದು ಕೇಳುವುದು ಅಸಭ್ಯ, ಎಷ್ಟಕ್ಕಿಂತ ಹೆಚ್ಚಿಲ್ಲ ಎಂದು ಕೇಳುವುದು ಮರ್ಯಾದೆ ಎಂದು ಅವರ ನಂಬಿಕೆ. ಆ ತಾಯಿ ತೆಲುಗಿನಲ್ಲಿ ಇವರ ಹಿರಿಯರನ್ನೆಲ್ಲ ನೆನೆದು ಮೆಟ್ಟಿಲು ಹತ್ತಿಕೊಂಡು ಹೋದರು. ಅಂದಿನಿಂದ ಇವರಿದ್ದ ಲಿಫ್ಟಿಗೆ ಯಾರೂ ಬರುತ್ತಿರಲಿಲ್ಲ. "ನೋಡಿ, ಮಿತಿ ದಾಟೋ ಪ್ರಶ್ನೆನೇ ಇಲ್ಲ" ಎಂದು ಸಂತೋಷಪಟ್ಟರು.

ಚೌಕಾಸಿಯಲ್ಲಿ ಮಾತ್ರ ಇವರು ನನ್ನ ಮಾನ ಕಳೆದರು. ತಂಗಿಗೆ ಸೀರೆ ಬೇಕು ಎಂದಾಗ ನಾನೇ ಸುಲ್ತಾನ್ ಬಜಾರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಾಠ ಹೇಳಿದೆ: ಬೇಕಾದ ಸೀರೆಯನ್ನು ಮೂಸಿಯೂ ನೋಡಬೇಡಿ, ಬೇಡದ್ದನ್ನು ಹೊಗಳಿ, ಎರಡು ಸಲ ಎದ್ದು ಹೊರಡಿ. ಎಲ್ಲದಕ್ಕೂ ತಲೆಯಾಡಿಸಿದರು. ಅಂಗಡಿಯಲ್ಲಿ ಕೂತು, ಬೇಕಾದ ಸೀರೆಯನ್ನೇ ಎತ್ತಿ ಹಿಡಿದು, ತಾನು ಕೊಡಬಹುದಾದ ಗರಿಷ್ಠ ಎಷ್ಟು ಎಂದು ಅಂಗಡಿಯವನಿಗೆ ಬಾಯಿಬಿಟ್ಟು ಹೇಳಿಬಿಟ್ಟರು! "ನೀವು ಕೊಡಬಹುದಾದ ಕನಿಷ್ಠ ಇದಕ್ಕಿಂತ ಕಡಿಮೆ ಇದ್ದರೆ ವ್ಯಾಪಾರ ಆಗತ್ತೆ, ಇಲ್ಲದಿದ್ದರೆ ಇಬ್ಬರಿಗೂ ಹೊತ್ತು ಉಳಿಯತ್ತೆ" ಎಂದರು.

ಅಂಗಡಿಯವನು ಬೆವತು ಹೋದ. ಗಿರಾಕಿಯ ಬಾಯಲ್ಲಿ ನಿಜ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಒಳಗೆ ಹೋಗಿ ಅಣ್ಣನನ್ನು ಕರೆತಂದ. ಅಣ್ಣ ಇವರ ಮುಖ ನೋಡಿ, ನನ್ನ ಮುಖ ನೋಡಿ, ಚಹಾ ತರಿಸಿದ. ಕಡೆಗೆ ಇವರು ಹೇಳಿದ ಗರಿಷ್ಠಕ್ಕೇ ಸೀರೆ ಕಟ್ಟಿಕೊಟ್ಟ. ಹೊರಗೆ ಬಂದು ನಾನು ಹಣೆ ಹಣೆ ಬಡಿದುಕೊಂಡೆ.

"ಇನ್ನೂ ಕಡಿಮಿಗೆ ಸಿಗತಿತ್ತಲ್ರಿ!"

"ಸಿಗಬಹುದಿತ್ತು. ನನ್ನ ಮಿತಿಯೊಳಗೆ ಸಿಕ್ಕಿದೆ, ಅವರ ಮಿತಿಯೊಳಗೆ ಮಾರಿದ್ದಾರೆ. ಇನ್ನೇನು ಬೇಕು?"

"ನನ್ನ ಮರ್ಯಾದಿ ಬೇಕಾಗಿತ್ರಿ ಸರ್, ಮರ್ಯಾದಿ! ಇನ್ನ ಆ ಓಣ್ಯಾಗ ನಾ ಹೆಂಗ ತಲಿ ಎತ್ತಿ ತಿರಗಲಿ?"

ಅವರಿಗೆ ಅದು ಅರ್ಥವಾಗಲಿಲ್ಲ. ಲೆಕ್ಕ ಸರಿ ಇದ್ದರೆ ಎದುರಿನವನೂ ಸರಿಯಾಗಿ ನಡೆದುಕೊಳ್ಳುತ್ತಾನೆ ಎಂಬ ಒಂದು ಕಾಯಿಲೆ ಅವರಿಗಿತ್ತು. ಅದು ಚೆನ್ನಾಗಿ ಓದಿದವರಿಗೆ ಮಾತ್ರ ಬರುವ ಕಾಯಿಲೆ.

ಇನ್ನು ನೀರಿನ ಕಥೆ. ಇವರನ್ನು ನೆನೆಯಲು ನನಗೆ ನಿಜವಾದ ಕಾರಣ ಅದು.

ಒಂದು ಬೇಸಿಗೆಯಲ್ಲಿ ನಮ್ಮ ಬೋರು ಒಣಗಿತು. ಟ್ಯಾಂಕರಿನ ನೀರು ತರಿಸಿ ನೆಲದೊಳಗಿನ ಸಂಪಿನ ತೊಟ್ಟಿಗೆ ತುಂಬಿಸಿ, ಮೋಟರಿನಿಂದ ಮೇಲಿನ ಟ್ಯಾಂಕಿಗೆ ಏರಿಸುತ್ತಿದ್ದೆವು. ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಅದನ್ನು ಕಟ್ಟುವವರು ಯಾದಗಿರಿ, ರಾಯಚೂರು ಕಡೆಯ ಮಂದಿ, ತಗಡಿನ ಶೆಡ್ಡುಗಳಲ್ಲಿ ಇದ್ದರು. ನಮ್ಮ ಕಾಂಪೌಂಡಿನ ಹೊರಗೋಡೆಗೆ, ಸಂಪಿನಿಂದ ಸಣ್ಣ ಪಂಪಿಟ್ಟು ಎಳೆದ ಒಂದು ನಲ್ಲಿ ಹಿಂದಿನಿಂದಲೂ ಇತ್ತು. ಅವರ ಹೆಂಗಸರು ಬೆಳಿಗ್ಗೆ ಅಲ್ಲಿ ಕೊಡ ತುಂಬಿಕೊಳ್ಳುತ್ತಿದ್ದರು. ನೀರು ಕಡಿಮೆಯಾದಾಗ ನಮ್ಮ ಸುಶಿಕ್ಷಿತ ಮಂದಿಗೆ ಮೊದಲು ಕಂಡದ್ದು ಆ ನಲ್ಲಿ. ಕಾಂಪೌಂಡಿನೊಳಗೆ ಕಾರು ತೊಳೆಯುವ ಪೈಪು, ಕುಂಡಗಳಿಗೆ ಬಿಡುವ ಪೈಪು ಯಾವುದೂ ಕಾಣಲಿಲ್ಲ. ನಲ್ಲಿಗೆ ಬೀಗ ಹಾಕಬೇಕು ಎಂದು ಸಂಘದ ಸಭೆ ಕರೆದರು. ನಾನು ಸಂಘದ ಕಾರ್ಯದರ್ಶಿ, ಅಂದರೆ ಎಲ್ಲರಿಂದ ಬೈಸಿಕೊಳ್ಳುವ ಹುದ್ದೆ.

ಸಭೆಯ ಹಿಂದಿನ ದಿನ ಮಲ್ಲಮ್ಮ ಗೇಟಿಗೆ ಬಂದಳು. ಗಿಡ್ಡ ಹೆಂಗಸು, ಇಟ್ಟಿಗೆ ಹೊರುವವಳು, ಧ್ವನಿ ಮಾತ್ರ ನಾಲ್ಕು ಮಹಡಿಗೆ ಕೇಳುವಂಥದ್ದು. ನಾನೂ ಇವರೂ ಅಲ್ಲೇ ನಿಂತಿದ್ದೆವು.

"ಸಾವಕಾರ್ರ, ನಳಕ್ಕ ಕೀಲಿ ಹಾಕ್ತಾರಂತ, ಖರೇನ್ರಿ? ದೊಡ್ಡ ರೋಡ್ ದಾಟಿ ಆಚಿ ಬೋರಿಗಿ ಹೋಗಿ ಬರೂದ್ರಾಗ ಹೊತ್ತೇರತೈತ್ರಿ. ಹೊತ್ತೇರಿದ್ರ ಹಾಜರಿ ಇಲ್ಲ. ಹಾಜರಿ ಇಲ್ಲಂದ್ರ ಮೇಸ್ತ್ರಿ ಬ್ಯಾರೆ ಮಂದಿ ತರ್ತಾನ. ನಾವ್ ಗಂಟು ಕಟ್ಟೂದೇ."

"ನಾ ಏನ್ ಮಾಡ್ಲವ್ವ, ನೀರs ಇಲ್ಲ" ಎಂದೆ.

"ನೀರಿಲ್ಲ ಅಂತೀರಿ, ದಿನಾ ಮುಂಜಾನಿ ನಿಮ್ಮ ಹಿತ್ತಲ ಗ್ವಾಡಿ ಆಚಿ ಧೋ ಅಂತ ಸುರೀತೈತಿ. ಅದೇನ್ರಿ ಮತ್ತ, ಗಂಗವ್ವ ಬರ್ತಾಳೇನು?"

ನಾನು ನಕ್ಕುಬಿಟ್ಟೆ. ಇವರು ನಗಲಿಲ್ಲ. ಕೊಕ್ಕು ಮೆಲ್ಲಗೆ ತೆರೆದುಕೊಂಡಿತು.

ಸಭೆಯಲ್ಲಿ ಇವರು ಮೊದಲು ಪ್ರತಿ ಮನೆಯವರನ್ನೂ ಒಂದೇ ಪ್ರಶ್ನೆ ಕೇಳಿದರು: ದಿನಕ್ಕೆ ಎಷ್ಟು ನೀರಿಗಿಂತ ಕಡಿಮೆಯಾದರೆ ನಿಮ್ಮ ಮನೆ ನಡೆಯುವುದೇ ಇಲ್ಲ? ಒಬ್ಬೊಬ್ಬರೂ ಹರಾಜು ಕೂಗಿದರು. ಇಬ್ಬರೇ ಇರುವ ಮನೆಯವರು ಆನೆ ಸಾಕಿದವರ ಲೆಕ್ಕ ಕೊಟ್ಟರು. ಇವರು ಎಲ್ಲವನ್ನೂ ಕೂಡಿಸಿ ತಲೆ ಎತ್ತಿದರು. "ನಿಮ್ಮ ಕನಿಷ್ಠಗಳ ಮೊತ್ತ ಟ್ಯಾಂಕರುಗಳು ತರೋ ನೀರಿಗಿಂತ ಜಾಸ್ತಿ. ಅಂದರೆ ಕಳೆದ ವಾರವೇ ನಾವೆಲ್ಲ ಬಾಯಾರಿ ಸತ್ತಿರಬೇಕು. ಎಲ್ಲರೂ ಬದುಕಿದ್ದೀರಿ, ದಪ್ಪ ಕೂಡ ಆಗಿದ್ದೀರಿ. ಹಾಗಾಗಿ ಯಾರದೋ ಕನಿಷ್ಠ ಸುಳ್ಳು."

ದೊಡ್ಡಮ್ಮನ ಕಣ್ಣು ಕೆಂಪಾಯಿತು. "ದಪ್ಪ" ಎಂಬ ಮಾತು ಆ ಲೆಕ್ಕಕ್ಕೆ ಬೇಕಾಗಿರಲಿಲ್ಲ ಎಂದು ನಾನು ಆಮೇಲೆ ಅವರಿಗೆ ತಿಳಿಸಿ ಹೇಳಿದೆ.

ಸಂಘದ ಅಧ್ಯಕ್ಷರು ನಿವೃತ್ತ ಅಧಿಕಾರಿ, ಆರಡಿ ಎತ್ತರ, ಅದಕ್ಕೆ ತಕ್ಕ ಮೀಸೆ. "ಅರೇ ಭಾಯ್, ಆ ನಲ್ಲಿಯಿಂದ ಎಷ್ಟು ನೀರು ಹೋಗುತ್ತದೆ ಅಂತ ನಿನಗೆ ಗೊತ್ತಾ?" ಎಂದು ಗುಡುಗಿದರು.

"ಗೊತ್ತಿಲ್ಲ ಸಾರ್."

"ಹಿತ್ತಲಲ್ಲಿ ಎಷ್ಟು ಸುರಿಯುತ್ತದೆ ಅಂತ?"

"ಅದೂ ಗೊತ್ತಿಲ್ಲ ಸಾರ್. ಎರಡರಲ್ಲಿ ಯಾವುದು ದೊಡ್ಡದು ಅಂತ ಗೊತ್ತಾದರೆ ಸಾಕಲ್ಲ? ನಾಳೆ ಬೆಳಿಗ್ಗೆ ಬನ್ನಿ."

ಬೆಳಿಗ್ಗೆ ಎಲ್ಲರೂ ಹಿತ್ತಲಿಗೆ ಬಂದೆವು. ಮೇಲಿನ ಟ್ಯಾಂಕು ತುಂಬಿ ಚೆಲ್ಲುವ ನೀರಿಗೆ ಅಲ್ಲೊಂದು ಪೈಪು ಇಳಿದು ಚರಂಡಿಗೆ ಸೇರುತ್ತಿತ್ತು. ಶೆಡ್ಡಿನವರ ಕೊಡಗಳೆಲ್ಲ, ಅವರು ದಿನಾ ನಲ್ಲಿಯಲ್ಲಿ ತುಂಬಿಕೊಳ್ಳುವ ಅಷ್ಟೂ ಕೊಡಗಳು, ಪೈಪಿನ ಕೆಳಗೆ ಸಾಲಾಗಿ ಕೂತಿದ್ದವು. ವಾಚ್‌ಮನ್‌ಗೆ ದಿನದ ಹಾಗೆಯೇ ಮಾಡು ಎಂದು ಹೇಳಿದ್ದೆವು. ಅವನು ಮೋಟರು ಹಾಕಿ, ದಿನದ ಹಾಗೆಯೇ, ಇರಾನಿ ಚಹಾ ಕುಡಿಯಲು ಹೋದ.

ಸ್ವಲ್ಪ ಹೊತ್ತಿಗೆ ಪೈಪು ಗೊರಗುಟ್ಟಿತು, ಮತ್ತೆ ಧೋ ಎಂದು ಸುರಿಯಿತು. ಮಲ್ಲಮ್ಮ ಒಂದು ಕೊಡ ತೆಗೆದು ಇನ್ನೊಂದನ್ನು ಒಡ್ಡುತ್ತ ಹೋದಳು. ಎಲ್ಲ ಕೊಡ ತುಂಬಿದವು. ನೀರು ನಿಲ್ಲಲಿಲ್ಲ. ಅವಳು ಕಾಲು ತೊಳೆದಳು, ಮುಖ ತೊಳೆದಳು. ನೀರು ನಿಲ್ಲಲಿಲ್ಲ. ಆಮೇಲೆ ನಮ್ಮ ಫ್ಲ್ಯಾಟಿನವರೂ ಒಬ್ಬೊಬ್ಬರಾಗಿ ಮೇಲಿನಿಂದ ಬಕೆಟ್ ತಂದು ಸಾಲಿನಲ್ಲಿ ನಿಂತರು. ನಲ್ಲಿಗೆ ಬೀಗ ಹಾಕಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದವರದೇ ಮೊದಲ ಬಕೆಟ್.

"ಎಷ್ಟು ಅಂತ ಗೊತ್ತಿಲ್ಲ" ಎಂದರು ಇವರು, ಕೊಕ್ಕಿನ ಬಾಯನ್ನು ಪೈಪಿನ ಕಡೆ ತಿರುಗಿಸಿ. "ಇವರು ತಗೊಳೋದಕ್ಕಿಂತ ನಾವು ಚೆಲ್ಲೋದು ಜಾಸ್ತಿ ಅಂತ ಗೊತ್ತಾಯಿತು."

ಅಧ್ಯಕ್ಷರು ಮೀಸೆ ಸವರಿದರು. "ಶಾಬ್ಬಾಸ್! ಚೆಲ್ಲುವುದನ್ನು ನಿಲ್ಲಿಸೋಣ. ಟ್ಯಾಂಕು ತುಂಬಿದರೆ ತಾನೇ ಆಫ್ ಆಗುವ ಸ್ವಿಚ್ಚು ಹಾಕಿಸೋಣ. ನಲ್ಲಿಗೂ ಬೀಗ ಹಾಕೋಣ. ಎರಡು ಲಾಭ!"

ಇವರ ಬೆರಳು ಗಾಳಿಯಲ್ಲೇ ನಿಂತವು. ಸಾಬೀತಾದ ಮೇಲೂ ಒಬ್ಬ ಮನುಷ್ಯ ಒಪ್ಪದೆ ಇರಬಹುದು ಎಂಬುದು ಅವರ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಮಲ್ಲಮ್ಮ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸದೆ ಹಾಗೆಯೇ ನಿಂತು ನನ್ನ ಮುಖ ನೋಡಿದಳು.

ಸಾಬೀತು ಮಾಡುವುದು ಬೇರೆ, ಒಪ್ಪಿಸುವುದು ಬೇರೆ. ಎರಡನೆಯದು ನನ್ನ ಕಸುಬು. ಇಂಥ ಹೊತ್ತಿನಲ್ಲಿ ಎದುರಿನವನನ್ನು ತಪ್ಪು ಎನ್ನಬಾರದು, ಅವನು ಹೇಳಿದ್ದನ್ನೇ ಹೊಗಳಿ ಮುಂದಕ್ಕೆ ತಳ್ಳಬೇಕು.

"ಸಾಹೇಬ್ರ ಐಡಿಯಾ ಭಾಳ ಛಲೋ ಐತಿ" ಎಂದೆ. "ಸ್ವಿಚ್ಚಿಗೆ ಒಂದು ಕಮಿಟಿ ಮಾಡೋಣ. ಸ್ವಿಚ್ಚು ಬರೂ ತನಕ ಚೆಲ್ಲಿದ್ದು ನೋಡಾಕ ಯಾರರ ಬೇಕಲ್ಲ? ಈಕಿ ಆಚಿ ಗ್ವಾಡಿಗೇ ಅದಾಳ, ಸಪ್ಪಳ ಕೇಳಿದ ಕೂಡ್ಲೆ ಒದರ್ತಾಳ. ಸಂಪು ತೊಳಿಯಾಕೂ ಮಂದಿ ಸಿಗವಲ್ರು, ಇವರೇ ತೊಳೀತಾರ. ಸಂಪಿನ್ಯಾಗ ಒಂದು ಗೆರಿ ಹಾಕೂಣು. ನೀರು ಗೆರಿಗಿಂತ ಮ್ಯಾಲಿದ್ರ ನಳ ಚಾಲೂ, ಕೆಳಗ ಹೋದ್ರ ಅವತ್ತs ನೀವs ಕೈಯಾರೆ ಕೀಲಿ ಹಾಕ್ರಿ."

ಕೈಯಾರೆ ಕೀಲಿ ಹಾಕುವ ಸುಖಕ್ಕೆ ಅಧ್ಯಕ್ಷರು ಸೋತರು. ಗೆರೆ ಎಲ್ಲಿ? ಅವರು ಎದೆ ಮುಟ್ಟಿ ತೋರಿಸಿದರು. ನಾನು ಪಾದ ಮುಟ್ಟಿದೆ. ಅವರು ಸೊಂಟಕ್ಕೆ ಇಳಿದರು, ನಾನು ಕಣಕಾಲಿಗೆ ಏರಿದೆ. ಕಡೆಗೆ ಮೊಣಕಾಲಿಗೆ ನಿಂತಿತು. ಕೈ ಕೈ ಹಿಡಿದು ಒಪ್ಪಂದವಾಯಿತು. ನಿಜ ಹೇಳುತ್ತೇನೆ, ಅದಕ್ಕಿಂತ ಕೆಳಗೆ ಇಳಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ ಎಂದು ನಾನು ಹೆಮ್ಮೆಪಟ್ಟೆ.

ಸಂಪು ಬರಿದಾದ ದಿನ ಮಲ್ಲಮ್ಮ ಒಳಗಿಳಿದು ಪಾಚಿ ಉಜ್ಜಿದಳು. ಇವರು ಪ್ಯಾಂಟು ಮಡಚಿ, ಕೆಂಪು ಬಣ್ಣದ ಡಬ್ಬಿ ಹಿಡಿದು ಹಿಂದೆಯೇ ಇಳಿದರು. ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದು ಮೇಲಿನಿಂದಲೇ ಉಸ್ತುವಾರಿ ನೋಡಿದರು. ನಾನೂ ಮೇಲೆಯೇ ಇದ್ದೆ. ಒಪ್ಪಂದ ಮಾಡಿದವರು ಕೆಸರಿಗೆ ಇಳಿಯುವ ಪದ್ಧತಿ ಇಲ್ಲ.

ಆ ಬೇಸಿಗೆಯಲ್ಲಿ ಅಧ್ಯಕ್ಷರು ದೇವರಿಗಿಂತ ಹೆಚ್ಚು ಸಲ ಆ ಗೆರೆಗೆ ಬಗ್ಗಿದರು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಬೀಗ ಕೈಯಲ್ಲಿ ಹಿಡಿದು ಸಂಪಿನ ಮುಚ್ಚಳ ತೆಗೆಸುತ್ತಿದ್ದರು. ಕೆಂಪು ಗೆರೆ ನೀರಿನೊಳಗೆ ಮುಳುಗಿಯೇ ಇರುತ್ತಿತ್ತು. ಸ್ವಿಚ್ಚಿನ ಕಮಿಟಿ ಚಹಾ ಕುಡಿಯುತ್ತಲೇ ಇತ್ತು, ಅಲ್ಲಿಯವರೆಗೆ ಮಲ್ಲಮ್ಮನ ಗಂಟಲೇ ಸ್ವಿಚ್ಚು. "ಏ ವಾಚ್‌ಮನ್ನs! ಟಾಂಕಿ ತುಂಬಿ ಹರಿಯಾಕತ್ತೈತಿ, ಚಹಾ ಸಾಕು ಬಾರೋ!" ಎಂದು ಅವಳು ಕೂಗಿದರೆ ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೂಡ ಓಡಿಹೋಗಿ ತಮ್ಮ ಮೋಟರು ಆರಿಸುತ್ತಿದ್ದ. ಮೊದಲ ಮಳೆಯವರೆಗೆ ನಲ್ಲಿ ನಡೆಯಿತು. ಅವಳ ಹಾಜರಿ ಉಳಿಯಿತು. ಬೀಗ ಅಧ್ಯಕ್ಷರ ಮನೆಯಲ್ಲೇ ತುಕ್ಕು ಹಿಡಿಯಿತು. ಊರಿಗೆಲ್ಲ ನಾನು ಹೇಳಿಕೊಂಡು ತಿರುಗಿದೆ: ಲೆಕ್ಕ ಅವರದು, ಕೆಲಸ ನಡೆದದ್ದು ನನ್ನ ಬಾಯಿಂದ.

ಮುಂದಿನ ವರ್ಷ ಇವರಿಗೆ ಮೈಸೂರಿನ ಆಫೀಸಿಗೆ ವರ್ಗವಾಯಿತು. ಬೀಳ್ಕೊಡಲು ಸಿಕಂದರಾಬಾದ್ ಸ್ಟೇಷನ್ನಿಗೆ ಹೋದೆ. ಅದು ನನ್ನ ತಪ್ಪು. ಇವರು ರೈಲು ಹಿಡಿಯುವ ವಿಧಾನ ನನಗೆ ಗೊತ್ತಿರಬೇಕಿತ್ತು. ಆಟೋ ಎಷ್ಟು ತಡವಾಗಬಹುದು, ಟ್ರಾಫಿಕ್ಕು ಎಷ್ಟು ಹಿಡಿಯಬಹುದು, ಮೆರವಣಿಗೆ ಬಂದರೆ ಎಷ್ಟು, ಎಲ್ಲದರ ಗರಿಷ್ಠವನ್ನೂ ಕೂಡಿಸಿ ಹೊರಡುತ್ತಿದ್ದರು. ಅವತ್ತು ಯಾವುದೂ ಅಡ್ಡ ಬರಲಿಲ್ಲ. ಇವರ ರೈಲಿಗಿಂತ ಮೊದಲು ಹೋಗಬೇಕಾದ ರೈಲುಗಳೂ ಇನ್ನೂ ಬಂದಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಒಸ್ಮಾನಿಯಾ ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತ, ಹೊತ್ತು ಕಳೆಯಲು ನಾನು ಮತ್ತೆ ನನ್ನ ಮೊಣಕಾಲಿನ ಚೌಕಾಸಿಯ ಪ್ರತಾಪ ಶುರುಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸ್ವಲ್ಪ ನಾಚಿಕೆಯಿಂದ, "ಸಾಹುಕಾರ್ರೇ, ಮೊಣಕಾಲು ಅಂತ ಒಪ್ಪಿಸಿದಿರಿ. ಯಾರ ಮೊಣಕಾಲು ಅಂತ ನೀವೂ ಹೇಳಲಿಲ್ಲ, ಅವರೂ ಕೇಳಲಿಲ್ಲ" ಎಂದರು.

"ಅಂದ್ರ?"

"ಅಧ್ಯಕ್ಷರು ತಮ್ಮದು ಅಂದುಕೊಂಡಿದ್ದರು. ಆದರೆ ಸಂಪಿಗೆ ಇಳಿದಿದ್ದು ನಾನು ಮತ್ತೆ ಮಲ್ಲಮ್ಮ. ಇಳಿದವರ ಮೊಣಕಾಲು ಅಂತ ನಾನು ತಗೊಂಡೆ. ಇಬ್ಬರಲ್ಲಿ ಮಲ್ಲಮ್ಮನದು ಕೆಳಗಿತ್ತು, ಅಲ್ಲಿಗೇ ಗೆರೆ ಎಳೆದೆ."

ಬಿಸ್ಕತ್ತು ಮುರಿದು ನನ್ನ ಚಹಾದೊಳಗೆ ಬಿತ್ತು.

"ಅಲ್ರಿ... ನೀರು ಯಾವತ್ತರ ಸಾಹೇಬ್ರ ಮೊಣಕಾಲಿಗಿಂತ ಕೆಳಗ ಹೋಗಿತ್ತೇನು?"

"ಹೋಗಿತ್ತು. ಟ್ಯಾಂಕರು ಬಾರದ ದಿನಗಳಲ್ಲಿ." ಎರಡು ಬೆರಳು ತೆರೆದುಕೊಂಡವು. ಈ ಸಲ ಬಹಳ ಸಣ್ಣಗೆ, ಗುಬ್ಬಿಯ ಕೊಕ್ಕಿನಷ್ಟು. "ಮಲ್ಲಮ್ಮನ ಮೊಣಕಾಲಿಗಿಂತ ಕೆಳಗೆ ಹೋಗಲಿಲ್ಲ."

ಸುಲ್ತಾನ್ ಬಜಾರಿನಲ್ಲಿ ತನ್ನ ಗರಿಷ್ಠವನ್ನು ತಾನೇ ಬಾಯಿಬಿಟ್ಟ ಮನುಷ್ಯ ಇವರೇ. ಒಂದು ವರ್ಷ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ನನ್ನ ಬಡಾಯಿಯನ್ನೆಲ್ಲ ತಲೆಯಾಡಿಸಿ ಕೇಳಿದ್ದರು. ಇನ್ನೊಂದು ಚಹಾ ತರಿಸಿದೆ. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಮೊದಲ ಸಲ ಅದು ಒಳ್ಳೆಯದಾಯಿತು ಅನ್ನಿಸಿತು.

ಅಳತೆಪಟ್ಟಿ ಇಲ್ಲದೆ ಅಂಗಡಿಗೆ ಬಂದು, ಎರಡು ಮೊಳ ಸಾಕು, ಮೂರು ಮೊಳ ಸಾಕು ಎನ್ನುವ ಗಿರಾಕಿಗಳು ಈಗಲೂ ಇದ್ದಾರೆ. ಮೊದಲೆಲ್ಲ ನಾನು ಸುಮ್ಮನೆ ಕತ್ತರಿ ಎತ್ತುತ್ತಿದ್ದೆ. ಈಗ ಕತ್ತರಿ ಕೆಳಗಿಟ್ಟು, ಯಾರ ಕೈ ಎಂದು ಕೇಳುತ್ತೇನೆ.